ಟನಲ್ಲಿನ ತಗ್ಗು

ನಾವಿರುವ ಅಮೆರಿಕದ ಫೋರ್ಟ್ ಮಿಲ್‌ನಲ್ಲಿ ಹಿಮ ಬೀಳುವುದೇ ಅಪರೂಪ. ಆದರೂ ನಮ್ಮ ಗರಾಜಿನಲ್ಲಿ ಹಿಮದ ಮೇಲೆ ಓಡಿಸುವ ಒಂದು ಸ್ನೋಮೊಬೈಲ್ ಇದೆ. ಕಳೆದ ಚಳಿಗಾಲ ಉತ್ತರದ ವರ್ಮಾಂಟಿನಲ್ಲಿ ಮರಕ್ಕೆ ಗುದ್ದಿ ತೀರಿಕೊಂಡಾಗ ನನ್ನ ಮಗ ನಿಹಾಲ್ ಓಡಿಸುತ್ತಿದ್ದದ್ದು ಇದನ್ನೇ. ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಮಗನನ್ನಂತೂ ಸರಿಮಾಡಲಾಗದು, ಇದನ್ನಾದರೂ ಮಾಡೋಣ ಎಂದುಕೊಂಡೆ.

ಸೀಟಿನ ಕೆಳಗಿನ ಉದ್ದನೆಯ ಅಲ್ಯೂಮಿನಿಯಂ ಫ್ರೇಮಿಗೆ ಟನಲ್ ಎನ್ನುತ್ತಾರೆ. ಅವನ ಎಡ ಮೊಣಕಾಲು ಬಡಿದ ಕಡೆ ಅದು ತಗ್ಗಾಗಿತ್ತು. ಜುಲೈ ತಿಂಗಳ ಒಂದು ಮಧ್ಯಾಹ್ನ ಪಕ್ಕದ ಮನೆಯ ಹರಿಪ್ರಸಾದರ ಜೊತೆ ಹಳೆಯ ರಿವೆಟ್ ಮೊಳೆಗಳನ್ನು ಡ್ರಿಲ್ ಮಾಡಿ ತೆಗೆದು ಹೊಸ ಟನಲ್ ಕೂರಿಸಿದೆ. ಇಬ್ಬರಿಗೂ ಬೆವರು ಸುರಿಯುತ್ತಿತ್ತು. ಕೊನೆಯ ರಿವೆಟ್ ಹೊಡೆದ ಹರಿಪ್ರಸಾದ್ ಸಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

"ಕಲೀಮ್ ಅವ್ರೇ, ಇದೇನ್ರೀ, ಫ್ರೀಜರ್‌ನಿಂದ ತೆಗ್ದಂಗಿದೆ?"

ಮುಟ್ಟಿದೆ. ಬೆರಳು ಮರಗಟ್ಟಿತು. ಸೀಟಿನಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗರಾಜಿನ ತುಂಬ ಆಗಷ್ಟೇ ಸೀಳಿದ ಮರದ ವಾಸನೆ.

ಚಹಾ ಕುಡಿದು ಬಂದು ನೋಡಿದರೆ ಹೊಸ ಟನಲ್ ಅದೇ ಜಾಗದಲ್ಲಿ, ಅದೇ ಆಳಕ್ಕೆ ತಗ್ಗಾಗಿತ್ತು. ಬಿಚ್ಚಿ ಹಾಕಿ ಇನ್ನೊಂದು ತರಿಸಿದೆ. ಅದೂ ಹಾಗೆಯೇ ಆಯಿತು. ಹರಿಪ್ರಸಾದ್ ಆಮೇಲೆ ಬರಲಿಲ್ಲ.

ಮತ್ತೊಂದನ್ನು ಆರ್ಡರ್ ಮಾಡಲು ಕೂತಾಗ ನನ್ನ ಹೆಂಡತಿ ಸಾಲೆಹಾ ಫೋನನ್ನು ಮೆಲ್ಲಗೆ ತೆಗೆದುಕೊಂಡಳು.

"ಹೊಸ್ದು ಹಾಕ್ಬೇಡಿ ಇನ್ನು. ಪ್ರತಿ ಸಲ ಅವನಿಗೆ ಏಟು ಬೀಳ್ತಿದೆ."

ಈಗ ದಿನವಿಡೀ ಅವಳು ಆ ತಗ್ಗಿನ ಮೇಲೆ ಅಂಗೈ ಇಟ್ಟು ಗರಾಜಿನಲ್ಲೇ ಕೂರುತ್ತಾಳೆ. ಒಮ್ಮೆ ಒಳಗೆ ಕರೆಯಲು ಹೋದ ನಾನು ಅವಳ ಕೈ ಸರಿಸಿ ನನ್ನದನ್ನು ಇಟ್ಟೆ. ಸುತ್ತಲಿನ ಲೋಹವೆಲ್ಲ ಹಿಮದಂತೆ ಕೊರೆಯುತ್ತಿತ್ತು. ತಗ್ಗಿನಲ್ಲಿ ಮಾತ್ರ ಮೈಬಿಸಿ ಇತ್ತು. ಅದು ಸಾಲೆಹಾಳ ಕೈಬಿಸಿ ಇರಬೇಕೆಂದುಕೊಂಡು, ಆರಲೆಂದು ತುಂಬ ಹೊತ್ತು ಕಾದೆ. ಆರಲಿಲ್ಲ.