ನಾಲ್ಕನೆಯ ಎಣಿಕೆ

ಬನಹಟ್ಟಿಯ ನಮ್ಮ ಹಳೆಯ ಮಗ್ಗದ ಕೋಣೆಯಲ್ಲಿ ಈಗ ಪೂನಮ್ ಎಂಬ ಹುಡುಗಿ ಸಾಲ್ಸಾ ಕುಣಿತ ಕಲಿಸುತ್ತಾಳೆ. ಕಲಿಯುವ ಆರು ಮಂದಿಯಲ್ಲಿ ನಾನೂ ಒಬ್ಬ. ಅಪ್ಪ ಕಾಲು ಇಳಿಬಿಟ್ಟು ನೇಯುತ್ತಿದ್ದ ತಗ್ಗನ್ನು ತುಂಬಿಸದೆ, ಮೇಲೆ ಹಲಗೆ ಹಾಸಿ ಮುಚ್ಚಿದವನೂ ನಾನೇ.

"ಪೂಜಿ ಮಾಡಿ ಮಣ್ಣ ತುಂಬೋ ತಮ್ಮಾ, ನಿಮ್ಮಪ್ಪ ಅದರಾಗ ಕಾಲ ಬಿಟ್ಕೊಂಡ ಕುಂತಾಗನ ಜೀವ ಬಿಟ್ಟಾನ" ಎಂದು ಅವ್ವ ಹೇಳಿದ್ದಳು. ನಾನು ಕೇಳಲಿಲ್ಲ.

ಕುಣಿತದ ಮೊದಲ ಹಂತ ಸುಸೂತ್ರವಾಗಿ ಮುಗಿಯಿತು. ಎರಡನೆಯ ಹಂತದ ಹೆಜ್ಜೆಗಳು ಚುರುಕು. ಮೂರು ಹೆಜ್ಜೆ ಹಾಕಿ ನಾಲ್ಕನೆಯ ಎಣಿಕೆಗೆ ನಿಲ್ಲಬೇಕು. ಮೊನ್ನೆ ಭಾನುವಾರ ಮಧ್ಯಾಹ್ನ ನಾವು ಹಾಗೆ ನಿಂತಾಗ ಹಲಗೆಯಡಿ ಧಡ್ ಎಂದಿತು. ಅಪ್ಪ ಮಗ್ಗ ತುಳಿಯುವಾಗ ಬರುತ್ತಿದ್ದ ಸದ್ದು. ಸುಡುಬಿಸಿಲಿನ ಹೊತ್ತಿನಲ್ಲೂ ನನ್ನ ಎಡಪಾದ ತಣ್ಣಗಾಯಿತು.

"ನಾಲ್ಕಕ್ಕ ಯಾರ್ರೀ ಕಾಲಿಡಾಕತ್ತೀರಿ?" ಪೂನಮ್ ರೇಗಿದಳು. ತಪ್ಪು ಯಾರದೆಂದು ತಿಳಿಯಲು ನಮ್ಮೆಲ್ಲರ ಕಾಲುಗಳ ವಿಡಿಯೊ ಮಾಡತೊಡಗಿದಳು. ಮತ್ತೆ ಕುಣಿದೆವು. ಪ್ರತಿ ನಾಲ್ಕಕ್ಕೂ ಸದ್ದು ಬಂತು. ನಾನಂತೂ ಖರೇ ಹೇಳುತ್ತೇನೆ, ಅಲುಗಾಡಿರಲಿಲ್ಲ.

ಅವಳು ಕಳಿಸಿದ ಆ ವಿಡಿಯೊ ನನ್ನ ಫೋನಿನಲ್ಲಿದೆ. ಅದರಲ್ಲಿ ಆ ಸದ್ದಿಲ್ಲ. ಎಲ್ಲರೂ ನಿಂತಾಗ ನನ್ನ ಎಡಪಾದ ಮಾತ್ರ ಹಲಗೆಯೊಳಗೆ ಇಳಿದು ಮೇಲೆ ಬರುತ್ತದೆ.

ಆ ಹಲಗೆಯನ್ನು ಇಂಚಿಂಚೂ ತಡವಿ ನೋಡಿದ್ದೇನೆ. ಎಲ್ಲೂ ಒಂದು ಬಿರುಕಿಲ್ಲ.