ಬುಧವಾರದ ಪ್ರಾರ್ಥನೆಯಲ್ಲಿ ಅವಳ ಹೆಸರು

"ಇವತ್ತಿಗೆ ಎಷ್ಟು ಜನ ಪಾಪಿಗಳು ಬೇಕು ನಿಮಗೆ? ಸಿಕ್ಕಿದ್ರಾ, ಇಲ್ಲಾ ನಾನೂ ಬರಬೇಕಾ?"

ಗಂಜಿಯ ಬಟ್ಟಲು ಹಿಡಿದು ನಿಂತಿದ್ದ ಚರ್ಚಿನ ಹುಡುಗ ಆಬ್ನರ್‌ಗೆ ಅವಳು ಹೇಳಿದ ಮೊದಲ ಮಾತು ಇದು.

ಏಂಜೆಲೆಸ್ ಊರಿನ ಬಾರುಗಳ ಬೀದಿಯಲ್ಲಿ ಮಧ್ಯಾಹ್ನ ನಾಲ್ಕು ಗಂಟೆ ಅಂದರೆ ಬೆಳಗಾದ ಹಾಗೆ. ಹುಡುಗಿಯರು ಎದ್ದು, ಒದ್ದೆ ಕೂದಲಲ್ಲೇ ಮೆಟ್ಟಿಲ ಮೇಲೆ ಕೂರುವ ಹೊತ್ತು. ಚರ್ಚಿನವರು ಶುಂಠಿ ಹಾಕಿದ ಕೋಳಿ ಗಂಜಿ ಹೊತ್ತು ಬರುತ್ತಿದ್ದದ್ದೂ ಆಗಲೇ. ಗಂಜಿಯ ಹಿಂದೆಯೇ ಪ್ರಾರ್ಥನೆ. ಉಂಡವರು ಕಣ್ಣು ಮುಚ್ಚಲೇಬೇಕಲ್ಲ!

ಆಬ್ನರ್ ಮಾತ್ರ ಅವತ್ತು ಪ್ರಾರ್ಥನೆ ಮಾಡಲಿಲ್ಲ. ಕಿವಿ ಕೆಂಪಾಗಿತ್ತು. "ಉಪ್ಪು ಸ್ವಲ್ಪ ಕಮ್ಮಿಯಾಗಿದೆ," ಅಂದ. "ನಾನೇ ಮಾಡಿದ್ದು."

ಅವಳಿಗೆ ನಗು ಬಂದುಬಿಟ್ಟಿತು. ಗಿರಾಕಿಗಳಿಗೆ ತೋರಿಸುವ ನಗುವಲ್ಲ, ಒಳಗಿನದು. ಅದು ಅವಳಿಗೇ ಹೆದರಿಕೆ ತಂದಿತು.

ಬೀದಿಯಲ್ಲಿ ಎಲ್ಲರಿಗೂ ಅವಳು ಕ್ರಿಸ್ಟಲ್. ಬಾರಿನ ಯಜಮಾನಿ ಇಟ್ಟ ಹೆಸರು. ಬಂದ ದಿನವೇ ಗುರುತಿನ ಚೀಟಿ ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿದಿದ್ದಳು ಆ ಪುಣ್ಯಾತ್ಗಿತ್ತಿ. ಹೊರಗೆ ಹೋಗಬೇಕೆಂದರೆ ಅವಳನ್ನೇ ಕೇಳಬೇಕು.

ಆಬ್ನರ್ ಮತ್ತೆ ಮತ್ತೆ ಬಂದ. ಉಪದೇಶವಿಲ್ಲ. ಬಟ್ಟಲು ಕೊಡುತ್ತಿದ್ದ, ಪಕ್ಕದಲ್ಲಿ ಕೂರುತ್ತಿದ್ದ, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದ.

'ನಾನು ಇವನಿಗೆ ಕಾಯ್ತಿದ್ದೀನಾ? ಛೆ... ಗಂಜಿಗೆ ಕಾಯ್ತಿದ್ದೀನಿ.'

ಹೀಗೆ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದಳು, ಪಾಪ.

ಒಂದು ದಿನ ಅವನು, ನಿಮಗಾಗಿ ಪ್ರಾರ್ಥನೆ ಮಾಡಬಹುದಾ ಅಂತ ಕೇಳಿದ.

"ಕ್ರಿಸ್ಟಲ್‌ಗೆ ಮಾಡಬೇಡಿ," ಅಂದಳು. ನೆಲ ನೋಡುತ್ತಾ ತನ್ನ ನಿಜವಾದ ಹೆಸರು ಹೇಳಿದಳು. "ಜೊವೆಲಿನ್‌ಗೆ ಮಾಡಿ."

ಆಮೇಲೆ ಎಲ್ಲವನ್ನೂ ಹೇಳಿಕೊಂಡಳು. ಸಮಾರ್ ದ್ವೀಪದ ತನ್ನ ಹಳ್ಳಿ, ಅಮ್ಮ ಫಿಡೆಲಾ, ಅಮ್ಮನ ಹತ್ತಿರ ಬೆಳೆಯುತ್ತಿರುವ ಪುಟ್ಟ ಮಗಳು ಕ್ಲೇರಿಸ್. ಊರಲ್ಲಿ ಎಲ್ಲರೂ ಅವಳು ಬಟ್ಟೆ ಕಾರ್ಖಾನೆಯಲ್ಲಿದ್ದಾಳೆಂದೇ ತಿಳಿದಿದ್ದರು. ಭಾನುವಾರ ಬಂದರೆ ಮಗಳ ಜೊತೆ ಫೋನಿನಲ್ಲಿ ಮಾತು. ಆ ದನಿ ಕೇಳಲೆಂದೇ ಅವಳು ವಾರವನ್ನು ಹೇಗೋ ನೂಕುತ್ತಿದ್ದಳು.

ಬಾರು ಬಿಟ್ಟು ಚರ್ಚಿನವರ ಆಶ್ರಯಮನೆಗೆ ಬಂದುಬಿಡುತ್ತೇನೆ ಎಂದೂ ಅವತ್ತೇ ಒಪ್ಪಿದಳು. ಆಬ್ನರ್‌ಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಯಜಮಾನಿ ಬಿಟ್ಟಾಳೆಯೇ ಎಂಬ ಭಯ ಬೇರೆ.

ಆ ಸಂತೋಷ, ಆ ಭಯ ಎರಡನ್ನೂ ಹೊತ್ತುಕೊಂಡು ಬುಧವಾರದ ಪ್ರಾರ್ಥನಾ ಕೂಟಕ್ಕೆ ಹೋದ.

ಆ ಚರ್ಚಿನಲ್ಲಿ ಒಂದು ರೂಢಿ. ಬುಧವಾರ ಒಬ್ಬೊಬ್ಬರಾಗಿ ಎದ್ದು, ಯಾರಿಗಾಗಿ ಏನು ಬೇಡಬೇಕೆಂದು ಹೆಸರು ಹಿಡಿದು ಹೇಳಬೇಕು. ಮನೆಗೆ ಹೋದ ಮೇಲೆ ಎಲ್ಲರೂ ಆ ಹೆಸರಿಗಾಗಿ ಉಪವಾಸವಿದ್ದು ಬೇಡುತ್ತಾರೆ. ಆಬ್ನರ್ ಎದ್ದು ನಿಂತ. ಜೊವೆಲಿನ್ ಎಂಬ ಹೆಸರು, ಅವಳಿರುವ ಬಾರು, ಅವಳ ಹಳ್ಳಿ, ಮಗು... ಎಲ್ಲವೂ ಬಾಯಿಂದ ಬಂದುಹೋಯಿತು. ದೇವರಿಗೇ ಹೇಳುತ್ತಿದ್ದೇನೆ ಅಂದುಕೊಂಡಿದ್ದ, ಮುಂದೆ ಕೂತವರಿಗೂ ಕಿವಿಯಿದೆ ಅನ್ನುವುದನ್ನು ಮರೆತಿದ್ದ.

ಅಲ್ಲಿ ಕೂತಿದ್ದ ಎರ್ಲಿಂಡಾ ಅಕ್ಕ ಅದೇ ಹಳ್ಳಿಯವಳು. ಕೆಟ್ಟವಳಲ್ಲ. ಕರುಳು ಚುರ್ ಎಂದಿತು. ಮನೆಗೆ ಬಂದವಳೇ ಫಿಡೆಲಾಗೆ ಫೋನ್ ಮಾಡಿ ಕೇಳಿದ್ದನ್ನೆಲ್ಲ ಹೇಳಿ, ನಿನ್ನ ಮಗಳಿಗಾಗಿ ನೀನೂ ಬೇಡಿಕೋ ಅಂದಳು.

ಭಾನುವಾರ ಜೊವೆಲಿನ್ ಫೋನ್ ಮಾಡಿದಾಗ ಮಗಳ ದನಿ ಕೇಳಲಿಲ್ಲ.

"ಮಗು ನಿನ್ನ ಜೊತೆ ಮಾತಾಡಲ್ಲ," ಅಂದಳು ಅಮ್ಮ. "ನಿನಗಾಗಿ ಚರ್ಚಿನಲ್ಲಿ ಬೇಡ್ತಿದ್ದಾರಂತೆ. ಇನ್ನು ಇಲ್ಲಿಗೆ ಫೋನ್ ಮಾಡಬೇಡ."

ಅಷ್ಟೇ. ಫೋನ್ ಕಟ್ಟಾಯಿತು.

ಮರುದಿನ ನಾಲ್ಕು ಗಂಟೆಗೆ ಬಂದ ಆಬ್ನರ್‌ನನ್ನು ಅವಳು ಮೆಟ್ಟಿಲಲ್ಲೇ ತಡೆದಳು. ಕಣ್ಣು ಊದಿಕೊಂಡಿದ್ದವು.

"ಹೇಳಿದಿರಾ?"

"ಪ್ರಾರ್ಥನೆಗೋಸ್ಕರ..."

"ಪ್ರಾರ್ಥನೆ ಅಂತ ಹೆಸರಿಟ್ಟರೆ ಚಾಡಿ ಚಾಡಿಯಲ್ಲವಾ? ಇಲ್ಲಿಗೆ ಬರೋರು ನನ್ನ ಮೈ ಮುಟ್ಟಿ ಹೋಗ್ತಾರೆ. ನನ್ನ ಮಗಳನ್ನ ಯಾರೂ ಮುಟ್ಟಿರಲಿಲ್ಲ. ನೀವು ಮುಟ್ಟಿದಿರಿ."

ಆಶ್ರಯಮನೆಗೆ ಬರುವುದಿಲ್ಲ ಅಂದಳು. ಯಾರಿಗಾಗಿ ಬರಬೇಕು? ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಅದಕ್ಕೇ ಒರಗಿ ಬಿಕ್ಕಿದಳು. ಪ್ರೀತಿ ಬಂದಿದ್ದ ಜಾಗದಲ್ಲೇ ಏಟು ಬಿದ್ದಿತ್ತು. ಅದು ಮೈಗೆ ಬಿದ್ದ ಏಟಿಗಿಂತ ಹೆಚ್ಚು ನೋಯುತ್ತದೆ.

ಮುಂದಿನ ಬುಧವಾರ ಎಲ್ಲರೂ ಜೊವೆಲಿನ್ ವಿಷಯ ಏನಾಯಿತೆಂದು ಕೇಳಿದರು. ಆಬ್ನರ್ ಎದ್ದ. ಅವಳ ಮಾತನ್ನು ನಾನು ಇಲ್ಲಿ ಆಡಬಾರದಿತ್ತು, ಇನ್ನು ಆಡುವುದಿಲ್ಲ, ನನ್ನ ತಪ್ಪಿಗಾಗಿ ಬೇಡಿಕೊಳ್ಳಿ ಎಂದು ಹೇಳಿ ಕೂತ. ಎರ್ಲಿಂಡಾ ಅಕ್ಕ ಅಂಗಿಯ ತೋಳಿಗೇ ಕಣ್ಣೊರೆಸಿಕೊಂಡಳು.

ಅವನು ಬೀದಿಗೆ ಬರುವುದನ್ನು ಬಿಡಲಿಲ್ಲ. ಬಟ್ಟಲನ್ನು ಅವಳ ಬಾಗಿಲ ಬಳಿ ಇಟ್ಟು ಸುಮ್ಮನೆ ಹೋಗುತ್ತಿದ್ದ. ವಾರಗಟ್ಟಲೆ ಅವಳು ಅದನ್ನು ಮುಟ್ಟಲಿಲ್ಲ. ಕೊನೆಗೊಂದು ದಿನ ಬಾಗಿಲು ತೆರೆಯಿತು.

"ನಾನು ನಿಮ್ಮ ಊರಿಗೆ ಹೋಗಿ ಅಮ್ಮನ ಹತ್ರ ಮಾತಾಡ್ಲಾ?" ಅಂತ ಕೇಳಿದ.

"ಮತ್ತೆ ನೀವೇ ಮಾತಾಡಬೇಕಾ?" ಅವಳ ದನಿಯಲ್ಲಿ ಸುಸ್ತಿತ್ತು. "ನಾನು ಹೋಗ್ತೀನಿ. ಒಬ್ಬಳೇ ಹೋಗೋಕೆ ಭಯ. ನೀವು ಜೊತೆಗೆ ಬನ್ನಿ. ಬಾಯಿ ಮಾತ್ರ ತೆಗೀಬೇಡಿ."

ಹೊರಡುವ ದಿನ ಯಜಮಾನಿ ಬಾಗಿಲಿಗೆ ಅಡ್ಡ ನಿಂತಳು. ಜೊವೆಲಿನ್‌ಳನ್ನು ಕೇಳಿ, ಅವಳು ಒಪ್ಪಿದ ಮೇಲೆಯೇ ಆಬ್ನರ್ ಕರೆಸಿದ್ದ ಚರ್ಚಿನ ಹೆಂಗಸರು ಮೆಟ್ಟಿಲ ಮೇಲೆ ಸಾಲಾಗಿ ಕೂತು ಹಾಡತೊಡಗಿದರು. ಎಲ್ಲರಿಗಿಂತ ಮುಂದೆ ಎರ್ಲಿಂಡಾ ಅಕ್ಕ. ಗಿರಾಕಿಗಳು ದೂರದಿಂದಲೇ ನೋಡಿ ವಾಪಸಾದರು. ಕೊನೆಗೆ ಯಜಮಾನಿ ಬೈಯುತ್ತಲೇ ಗುರುತಿನ ಚೀಟಿ ತಂದು ಎಸೆದಳು.

ಬಸ್ಸು, ದೋಣಿ, ಮತ್ತೆ ಬಸ್ಸು. ಮನೆ ತಲುಪಿದಾಗ ಫಿಡೆಲಾ ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದಳು. ತಲೆಯೆತ್ತಲಿಲ್ಲ.

"ಅಮ್ಮಾ, ನೀನು ಕೇಳಿದ್ದು ನಿಜ," ಅಂದಳು ಜೊವೆಲಿನ್. "ಬೇರೆಯವರಿಂದ ಕೇಳಿದೆ. ಈಗ ನನ್ನಿಂದ ಕೇಳು."

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಆಬ್ನರ್ ಬೇಲಿಯ ಬಳಿ ತಲೆ ತಗ್ಗಿಸಿ ನಿಂತಿದ್ದ. ಅಮ್ಮನ ಕೈಯ ಚಾಕು ಯಾವಾಗಲೋ ನಿಂತಿತ್ತು.

"ನೀನು ಕಳಿಸಿದ ದುಡ್ಡಲ್ಲಿ ಉಂಡೆ," ಅಂದಳು ಅಮ್ಮ. "ಹೇಗೆ ಬಂತು ಅಂತ ಒಂದು ದಿನಾನೂ ಕೇಳಲಿಲ್ಲ. ಕೇಳೋಕೆ ಭಯ ಆಗ್ತಿತ್ತು ಕಣೇ..."

ಒಳಗೆ ತಿರುಗಿ ಮಗುವನ್ನು ಕರೆದಳು. ಕ್ಲೇರಿಸ್ ಅಜ್ಜಿಯ ಹಿಂದೆ ಅವಿತು ನೋಡಿತು. ಆಮೇಲೆ ನಾಚುತ್ತಾ ಬಂದು ಜೊವೆಲಿನ್‌ಳ ಹಣೆಗೆ ತಗಲಲೆಂದು ತನ್ನ ಕೈ ಚಾಚಿತು. ಅಲ್ಲಿಯ ನಮಸ್ಕಾರದ ರೂಢಿಯಂತೆ ದೊಡ್ಡವರ ಕೈಯನ್ನು ತನ್ನ ಹಣೆಗೆ ಒತ್ತಿಕೊಳ್ಳಬೇಕಾದದ್ದನ್ನು ಗಾಬರಿಯಲ್ಲಿ ತಿರುಗಿಸಿಬಿಟ್ಟಿತ್ತು. ಜೊವೆಲಿನ್ ಮಂಡಿಯೂರಿ, ಆ ಪುಟ್ಟ ಕೈಯನ್ನೇ ಹಣೆಗೆ ಒತ್ತಿಕೊಂಡು ಅತ್ತಳು.

ಫಿಡೆಲಾ ಬೇಲಿಯತ್ತ ನೋಡಿದಳು. "ಇವನ್ಯಾರು, ಬಾಯಿಲ್ಲದವನು?"

ಆಬ್ನರ್ ಜೊವೆಲಿನ್‌ಳ ಮುಖ ನೋಡಿದ. ಅವಳು ತಲೆಯಾಡಿಸಿದಳು.

"ಚರ್ಚಿನಲ್ಲಿ ಇವರ ವಿಷಯ ಹೇಳಿದವನು ನಾನೇ, ಅಮ್ಮ."

ಮುದುಕಿ ಅವನನ್ನು ಮೇಲಿಂದ ಕೆಳಗೆ ಅಳೆದು, "ಸೌದೆ ಒಡೆಯೋಕಾದ್ರೂ ಬರುತ್ತಾ ನೋಡು," ಅಂದಳು.

ಹಿತ್ತಲಿನಲ್ಲಿ ಅವನು ಕೊಡಲಿ ಎತ್ತುವಷ್ಟರಲ್ಲಿ ಜೊವೆಲಿನ್ ಬಂದು ಪಕ್ಕದಲ್ಲಿ ನಿಂತಳು.

"ಇನ್ನೂ ಏನೋ ಹೇಳೋದಿದೆ ನಿಮಗೆ."

"ನಿಮ್ಮನ್ನ ಪ್ರೀತಿಸ್ತೀನಿ," ಅಂದ ಅವನು.

"ಯಾರ್‍ಯಾರಿಗೆ ಹೇಳಿದ್ದೀರಿ ಇದನ್ನ?"

"ಯಾರಿಗೂ ಇಲ್ಲ."

"ದೇವರಿಗೂ?"

"ಅವನಿಗೆ ಗೊತ್ತಿದೆ. ಆದ್ರೆ ನಿಮ್ಮನ್ನ ಕೇಳದೆ, ನಿಮ್ಮನ್ನ ಕೊಡು ಅಂತ ಅವನ ಹತ್ರಾನೂ ಕೇಳಿಲ್ಲ."

ಅವಳು ಕಣ್ಣೊರೆಸಿಕೊಂಡು ಇನ್ನಷ್ಟು ಹತ್ತಿರ ಬಂದಳು.

"ಈಗ ಕೇಳಿ," ಅಂದಳು. "ಮೆಲ್ಲಗೆ... ನಮ್ಮಿಬ್ಬರಿಗೆ ಮಾತ್ರ ಕೇಳಿಸೋ ಹಾಗೆ."