ಗೋರಿಯಿಂದ ಬಂದ ಸವಾರ

ಬಹಳ ಹಿಂದೆ ನೀಲದುರ್ಗವೆಂಬ ರಾಜ್ಯವಿತ್ತು. ಅದನ್ನು ಕಾಯುತ್ತಿದ್ದವನು ದಳಪತಿ ಫರ್ಹಾದ್ ಖಾನ. ಎಷ್ಟೋ ಯುದ್ಧಗಳನ್ನು ಗೆದ್ದವನು. ಸೋತವರ ಊರಿಗೆ ಬೆಂಕಿ ಇಡಗೊಡದವನು. ಮುಪ್ಪಿನಲ್ಲಿ ತೀರಿಕೊಂಡಾಗ ಅವನನ್ನು ಸೈನಿಕರ ಗೋರಿಗಳ ನಡುವೆಯೇ ಹೂಳಿದರು.

ನೀಲದುರ್ಗವನ್ನು ಕಬಳಿಸಲು ತೊಗಲಯ್ಯನೆಂಬ ಮಂತ್ರವಾದಿ ಆ ಗೋರಿ ಅಗೆದ. ದಳಪತಿಯ ದೇಹವನ್ನು ಅಂಗಿಯಂತೆ ತೊಟ್ಟ. ಸುತ್ತ ಮಲಗಿದ್ದ ಸೈನಿಕರ ಶಾಂತಿಯನ್ನು ಕಿತ್ತುಕೊಂಡ. ಶಾಂತಿಯಿಲ್ಲದ ಅವರು ಎದ್ದು ಅವನ ಹಿಂದೆ ನಡೆದರು.

ನಡುಮಧ್ಯಾಹ್ನ ಕುದುರೆಯೇರಿದ ತೊಗಲಯ್ಯನ ಹಿಂದೆ ಆ ದಂಡು ಕೋಟೆಗೆ ಬಂತು. ನೆಲದ ಮೇಲೆ ಅವರದೊಂದೂ ನೆರಳಿರಲಿಲ್ಲ.

ಮೊದಲ ಬಾಗಿಲ ಕಾವಲುಗಾರ, "ದಳಪತಿಯಾದರೆ ದನಿ ಕೇಳಿಸು" ಎಂದ. ಅದೇ ದನಿ. ಬಾಗಿಲು ತೆರೆದ. ಅವನ ನೆರಳು ಮಾಯವಾಯಿತು. ಅವನೂ ದಂಡು ಸೇರಿದ.

ಎರಡನೆಯ ಬಾಗಿಲ ಕಾವಲುಗಾರ, "ದಳಪತಿಯಾದರೆ ಯುದ್ಧದ ಹಳೆಯ ಗಾಯ ತೋರಿಸು" ಎಂದ. ಅದೇ ಗಾಯ. ಬಾಗಿಲು ತೆರೆದ. ಅವನ ನೆರಳೂ ಮಾಯವಾಯಿತು. ಅವನೂ ದಂಡು ಸೇರಿದ.

ಮೂರನೆಯ ಬಾಗಿಲ ಹಿಂದೆ ಇಡೀ ಊರಿತ್ತು. ಮುದಿ ಕಾವಲುಗಾರ ಬೊಮ್ಮಣ್ಣ ಅಗುಳಿಗೆ ಕೈ ಹಾಕಿದ. ಪಕ್ಕದಲ್ಲಿ ದಳಪತಿಯ ಮಗಳು ಮಹರೂ ನಿಂತಿದ್ದಳು.

"ಖಾನಸಾಹೇಬ್ರೇ ಕಣವ್ವಾ! ಮೀಸೆನೂ ಅದೇ."

"ಮೀಸೆ ನೋಡಿ ಬಾಗಿಲು ತೆಗೀತೀಯಾ ಕಾಕಾ? ಹಂಗಾದ್ರೆ ಬೆಕ್ಕಿಗೂ ತೆಗಿ. ಸ್ವಲ್ಪ ತಡಿ."

ಮಹರೂ ದಿಡ್ಡಿ ಬಾಗಿಲಿನಿಂದ ಹೊರಬಂದು ಕುದುರೆಯ ಮುಂದೆ ಸುಮ್ಮನೆ ನಿಂತಳು.

ಸವಾರ ಕಾದ. ಕೊನೆಗೆ ಕೇಳಿದ: "ಮಗಳೇ, ಅಪ್ಪನಿಗೆ ಸಲಾಮು ಇಲ್ಲವೇ?"

"ನಮ್ಮ ಬಾಬಾ ಕುದುರೆ ಮೇಲಿದ್ದಾಗ ಕೇಳಿ ಸಲಾಮು ತಗೊಂಡೋರಲ್ಲ. ನಡೆದು ಹೋಗೋರಿಗೆ ತಾವೇ ಮೊದಲು ಹೇಳ್ತಿದ್ರು. ಸವಾರಂದೇ ಮೊದಲ ಸರದಿ ಅಂತ ದಂಡಿಗೆಲ್ಲ ಕಲಿಸಿದ್ರು."

ಸತ್ತವರ ತಲೆಗಳು ಒಟ್ಟಿಗೆ ಸವಾರನ ಕಡೆ ತಿರುಗಿದವು. ಮಣ್ಣು ತುಂಬಿದ ಬಾಯೊಂದು, "ಹೇಳು" ಎಂದಿತು. ಆಮೇಲೆ ಎಲ್ಲ ಬಾಯಿಗಳೂ, "ಹೇಳು."

ತೊಗಲಯ್ಯ ಬೆದರಿದ. ವೇಷ ಉಳಿಸಿಕೊಳ್ಳುವ ಆತುರದಲ್ಲಿ ದಂಡಿನತ್ತ ಕೂಗಿದ: "ಅಸ್ಸಲಾಮು ಅಲೈಕುಮ್!"

ನಿಮಗೆ ಶಾಂತಿ ಇರಲಿ ಎಂದು ಅದರ ಅರ್ಥ. ಕಿತ್ತುಕೊಂಡಿದ್ದನ್ನು ಅವನು ತನ್ನ ಬಾಯಿಂದಲೇ ಹಿಂತಿರುಗಿಸಿದ್ದ.

"ವಾಲೈಕುಮ್ ಅಸ್ಸಲಾಮ್" ಎಂದು ಸತ್ತವರು ಮೆಲ್ಲಗೆ ಉತ್ತರಿಸಿ, ಇದ್ದಲ್ಲೇ ಮಲಗಿದರು. ದಳಪತಿಯ ದೇಹ ಜೀನಿನಿಂದ ಜಾರಿತು. ಅದರ ಬಾಯಿಂದ ತೊಗಲಯ್ಯ ಹೊಗೆಯಾಗಿ ಸೋರಿ ಬಿಸಿಲಲ್ಲಿ ಕರಗಿದ. ಕಾವಲುಗಾರರಿಬ್ಬರು ಎಚ್ಚೆತ್ತು ತಮ್ಮ ನೆರಳು ಮುಟ್ಟಿ ಮುಟ್ಟಿ ನೋಡಿದರು.

ಮಹರೂ ತಂದೆಯ ಕಣ್ಣು ಮುಚ್ಚಿದಳು.

"ಈಗ ನೀವು ಕುದುರೆ ಮೇಲಿಲ್ಲ, ಬಾಬಾ. ಸರದಿ ನಂದು" ಎಂದು ಸಲಾಮು ಹೇಳಿದಳು.

ಊರವರು ಸತ್ತವರನ್ನೆಲ್ಲ ಮತ್ತೆ ಹೂಳಿದರು. ಅಂದಿನಿಂದ ನೀಲದುರ್ಗದಲ್ಲಿ ಸತ್ತವರು ಮಣ್ಣಲ್ಲಿ, ಇದ್ದವರು ಮನೆಯಲ್ಲಿ ನೆಮ್ಮದಿಯಾಗಿದ್ದರು.